ವಾಯಿದೆ ವಕೀಲರ ಓಟ

ಜನ ಅವರಿಗಿಟ್ಟ ಹೆಸರು ವಾಯಿದೆ ವಕೀಲರು. ಅಪ್ಪ ಅಮ್ಮ ಇಟ್ಟ ಹೆಸರು ಕಪ್ಪು ಕೋಟಿನ ಒಳಜೇಬಿನ ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಕೇಸು ಗೆಲ್ಲುವುದು ಒಂದು ವಿದ್ಯೆಯಾದರೆ ಕೇಸನ್ನು ಮುಂದಿನ ತಾರೀಖಿಗೆ ತಳ್ಳುವುದು ಇನ್ನೊಂದು ವಿದ್ಯೆ. ಎರಡನೆಯದರಲ್ಲಿ ಅವರನ್ನು ಮೀರಿಸುವವರು ಆ ನ್ಯಾಯಾಲಯದ ಮೂರು ಮಹಡಿ ಜಾಲಾಡಿದರೂ ಸಿಗುತ್ತಿರಲಿಲ್ಲ. ಸಾಕ್ಷಿಗೆ ಜ್ವರ, ಕಕ್ಷಿದಾರನಿಗೆ ಭೇದಿ, ಹಿರಿಯ ವಕೀಲರು ಪಕ್ಕದ ಕೋರ್ಟಿನಲ್ಲಿದ್ದಾರೆ, ಕಡತದ ಏಳನೇ ಪುಟ ಮಸುಕಾಗಿದೆ, ಇಂಥವು ಸದಾ ನಾಲಿಗೆಯ ತುದಿಯಲ್ಲಿರುತ್ತಿದ್ದವು. ನ್ಯಾಯಾಧೀಶರು ತಲೆ ಎತ್ತುವುದನ್ನೂ ಬಿಟ್ಟಿದ್ದರು. ಇವರು ಕುರ್ಚಿ ಸರಿಸಿದ ಸದ್ದು ಕೇಳಿದರೆ ಸಾಕು, "ಯಾವ ತಾರೀಖು?" ಎಂದು ಪೆನ್ನು ಎತ್ತುತ್ತಿದ್ದರು.

ಕಚೇರಿ ಅವರದಲ್ಲ, ಭಾವನದು. ಹೆಂಡತಿಯ ಅಣ್ಣ ದೊಡ್ಡ ವಕೀಲ, ದೊಡ್ಡ ಹೊಟ್ಟೆ, ದೊಡ್ಡ ಮೇಜು. ಕಚೇರಿಯಲ್ಲಿ ವಾದ ಮಾಡುವುದೆಲ್ಲ ಭಾವ, ವಾಯಿದೆ ಕೇಳುವುದೆಲ್ಲ ಇವರು. ಒಂದೇ ಹೊತ್ತಿಗೆ ಮೂರು ಮಹಡಿಯ ಮೂರು ಕೋರ್ಟಿನಲ್ಲಿ ಕೇಸು ಕೂಗುತ್ತಿದ್ದರು. ಕೂಗಿದಾಗ ಎದುರಿಗಿಲ್ಲದಿದ್ದರೆ ಅನಾಹುತ, ಕೇಸು ನಡೆದೇಬಿಡಬಹುದು. ಲಿಫ್ಟು ನ್ಯಾಯಾಧೀಶರಿಗೆ ಮಾತ್ರ. ಹಾಗಾಗಿ ಹದಿನೆಂಟು ವರ್ಷ ವಕೀಲರು ಕೋಟು ಹಾರಿಸಿಕೊಂಡು ಮೆಟ್ಟಿಲು ಹತ್ತಿ ಇಳಿದು, ಇಳಿದು ಹತ್ತಿ, ನ್ಯಾಯವನ್ನು ತಡೆಯುತ್ತಾ ತಮ್ಮ ಆರೋಗ್ಯವನ್ನು ಕಾಪಾಡಿಕೊಂಡರು.

ಇದು ಅವರಿಗೇ ಗೊತ್ತಿರಲಿಲ್ಲ. ಗೊತ್ತಾಗಿದ್ದು ವಕೀಲರ ಸಂಘ ಐದು ಕಿಲೋಮೀಟರಿನ ಓಟ ಇಟ್ಟ ವರ್ಷ. ಎರಡನೇ ಕಿಲೋಮೀಟರಿನಲ್ಲಿ ಕಾಫಿ ಸಿಕ್ಕಿದ್ದೇ ತಡ, ಉಳಿದ ವಕೀಲರೆಲ್ಲ ಅಲ್ಲೇ ಬೀಡುಬಿಟ್ಟರು. ಇವರು ಒಬ್ಬರೇ ಓಡಿ ಒಬ್ಬರೇ ಮೊದಲು ಬಂದರು. ಬಹುಮಾನವಾಗಿ ಕೊಟ್ಟ ಪ್ಲಾಸ್ಟಿಕ್ ಬಟ್ಟಲನ್ನು ನೋಡಿ ಅವರ ಕಣ್ಣಲ್ಲಿ ನೀರು ಬಂತು. ಅದೇನು ಬಟ್ಟಲಿಗೆ ಬಂದ ನೀರಲ್ಲ. ಹದಿನೆಂಟು ವರ್ಷದಲ್ಲಿ ಶುರುವಾದ ದಿನವೇ ಮುಗಿದ ಮೊದಲ ಕೆಲಸ ಅದು. ಅಷ್ಟು ವರ್ಷ ಯಾವುದೂ ಮುಗಿಯದಂತೆ ನೋಡಿಕೊಳ್ಳುವುದೇ ತಮ್ಮ ಅನ್ನವಾಗಿತ್ತು ಎನ್ನುವುದು ಅವತ್ತು ಅವರ ಎದೆಗೆ ನಾಟಿತು.

ಆಮೇಲೆ ತಲೆಗೆ ಗಾಳಿ ಹೊಕ್ಕಿತು. ಎರಡು ವರ್ಷದಲ್ಲಿ ಮೂರು ಸಲ ಮ್ಯಾರಥಾನ್, ಅಂದರೆ ನಲವತ್ತೆರಡು ಕಿಲೋಮೀಟರು, ಓಡಿ ಮುಗಿಸಿದರು. ರಜೆ ಹಾಕಿ ತರಬೇತುದಾರರ ಪರೀಕ್ಷೆಯನ್ನೂ ಪಾಸು ಮಾಡಿದರು. ನಲವತ್ನಾಲ್ಕನೇ ವಯಸ್ಸಿಗೆ, ಊಟದ ಮೇಜಿನ ಮುಂದೆ, ವಕೀಲಿ ಬಿಟ್ಟು ಜನರಿಗೆ ಓಟ ಕಲಿಸುತ್ತೇನೆ ಎಂದರು.

ಹೆಂಡತಿ ಆಸ್ಪತ್ರೆಯ ಎಕ್ಸ್-ರೇ ವಿಭಾಗದವಳು. ಭಾವನೆಗಳಿಗಿಂತ ಮೂಳೆಗಳನ್ನು ಹೆಚ್ಚು ನಂಬುತ್ತಿದ್ದಳು. "ನಲವತ್ತು ದಾಟಿದ ಮೊಣಕಾಲು ಹೇಗಿರುತ್ತೆ ಅಂತ ದಿನಾ ನೋಡ್ತೀನಿ ರೀ. ನಿಮ್ದೂ ನೋಡಿದೀನಿ. ಒಳಗಡೆಯಿಂದ ನೀವು ಅಷ್ಟೇನೂ ಚೆಂದ ಇಲ್ಲ," ಎಂದಳು. ಬೇಡ ಎನ್ನಲಿಲ್ಲ, ಅದು ದೊಡ್ಡದು.

ಭಾವ ಮಾತ್ರ ಕುರ್ಚಿಗೆ ಒರಗಿ ನಕ್ಕರು. "ನೀನು ಓಡ್ತೀಯಪ್ಪ, ಒಪ್ಪಿದೆ. ಕುದುರೇನೂ ಓಡುತ್ತೆ. ಹಾಗಂತ ಅದು ಪಾಠ ಮಾಡುತ್ತಾ?"

"ಒಂದು ವರ್ಷ ಕೊಡಿ ಭಾವ."

"ಕೊಟ್ಟೆ. ಬರೆದು ಕೊಡು."

ಅಲ್ಲೇ ಒಂದು ಕರಾರು ತಯಾರಾಯಿತು. ಬರೆದವರು ನಮ್ಮ ವಕೀಲರೇ. ಶಿಷ್ಯರ ಪೈಕಿ ಕನಿಷ್ಠ ಒಬ್ಬರಾದರೂ ಮುಂದಿನ ವರ್ಷದ ಮ್ಯಾರಥಾನನ್ನು ನಿಗದಿತ ಸಮಯದೊಳಗೆ ಮುಗಿಸತಕ್ಕದ್ದು. ಮುಗಿಸಿದಲ್ಲಿ ಭಾವನವರು ಈ ವಿಷಯದಲ್ಲಿ ಬಾಯಿ ಮುಚ್ಚತಕ್ಕದ್ದು. ತಪ್ಪಿದಲ್ಲಿ ಮರುದಿನ ಸೋಮವಾರ ಕೋಟು ಧರಿಸಿ ಕಚೇರಿಗೆ ಹಾಜರಾಗತಕ್ಕದ್ದು. ಸಹಿ ಮಾಡುವ ಮುಂಚೆ ಭಾವ ತಮ್ಮ ಕೈಯಾರೆ ಒಂದು ಸಾಲು ಸೇರಿಸಿದರು: ಈ ಅವಧಿಯನ್ನು ಯಾವ ಕಾರಣಕ್ಕೂ ವಿಸ್ತರಿಸತಕ್ಕದ್ದಲ್ಲ. ಅಳಿಯ ಅಲ್ಲ ಮಗಳ ಗಂಡ ಅನ್ನುವ ಜಾಣತನವೆಲ್ಲ ಭಾವನ ಮುಂದೆ ನಡೆಯುವಂತಿರಲಿಲ್ಲ. ಸಾಕ್ಷಿಯಾಗಿ ಹೆಂಡತಿ ಸಹಿ ಹಾಕಿದಳು. ಕೋಟು ಇಸ್ತ್ರಿಯಾಗಿ ಕಪಾಟು ಸೇರಿತು.

ಪೀಠೋಪಕರಣದ ಅಂಗಡಿಯ ಮೇಲೆ ಒಂದು ದೊಡ್ಡ ಕೋಣೆ ಬಾಡಿಗೆಗೆ ಸಿಕ್ಕಿತು. ಒಂದು ಗೋಡೆಗೆ ಕನ್ನಡಿ, ನೆಲಕ್ಕೆ ರಬ್ಬರು ಹಾಸು, ಮೂಲೆಯಲ್ಲಿ ಕಬ್ಬಿಣದ ಗುಂಡುಗಳು. ಹೊರಗೆ 'ಸಹನಶಕ್ತಿ ತರಬೇತಿ ಕೇಂದ್ರ' ಎಂಬ ಬೋರ್ಡು. ಮೊದಲ ವಾರ ಬಂದವಳು ಒಬ್ಬಳೇ ಹೆಂಗಸು, ಗಂಡನನ್ನು ಸೇರಿಸಿದರೆ ಎಷ್ಟು ದಿನದಲ್ಲಿ ಸಹನೆ ಬರುತ್ತೆ ಎಂದು ವಿಚಾರಿಸಿ ಹೋದಳು.

ನಿಧಾನಕ್ಕೆ ಒಂಬತ್ತು ಜನ ಶಿಷ್ಯರು ಕೂಡಿದರು. ಬಂದವರಿಗೆಲ್ಲ ನಾಲ್ಕು ಪುಟದ ಒಪ್ಪಿಗೆ ಪತ್ರ. ಅದರಲ್ಲಿ ಮೊಣಕಾಲು ಎಂದರೆ ಎಡ ಮತ್ತು ಬಲ ಎರಡೂ ಮೊಣಕಾಲುಗಳನ್ನು ಒಳಗೊಂಡಂತೆ ಎಂಬ ವಿವರಣೆ ಇತ್ತು. ಪಾಠ ಮಾತ್ರ ಚೆನ್ನಾಗಿತ್ತು. ಹೇಗೆ ಉಸಿರು ಬಿಡಬೇಕು, ಏರು ದಾರಿಯಲ್ಲಿ ಹೆಜ್ಜೆ ಹೇಗೆ ಚಿಕ್ಕದು ಮಾಡಬೇಕು, ಬಾಯಾರುವ ಮುಂಚೆಯೇ ಯಾಕೆ ನೀರು ಕುಡಿಯಬೇಕು, ಎಲ್ಲ ಅಚ್ಚುಕಟ್ಟಾಗಿ ಹೇಳಿಕೊಡುತ್ತಿದ್ದರು. ತೊಂದರೆ ಇದ್ದದ್ದು ಬೇರೆ ಕಡೆ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಇವರದು ಹುಟ್ಟುಗುಣವೂ ಅಲ್ಲ, ಇಪ್ಪತ್ತು ವರ್ಷದ ಕಸುಬು. ಔಷಧಿ ಅಂಗಡಿಯವನು ಬಂದು "ಸಾರ್, ಇವತ್ತು ಹಿಮ್ಮಡಿ ಯಾಕೋ ಹಿಡ್ಕೊಂಡಿದೆ" ಎಂದರೆ ಇವರ ಬಾಯಿಂದ ತಾನೇ ತಾನಾಗಿ, "ಪರವಾಗಿಲ್ಲ, ಸೋಮವಾರಕ್ಕೆ ಹಾಕೋಣ" ಎಂದು ಬರುತ್ತಿತ್ತು. ಗ್ರಂಥಪಾಲಕಿಗೆ ನೆಂಟರು ಬಂದಿದ್ದಾರೆ, ಗುರುವಾರ. ಬಸ್ಸಿನ ಕಂಡಕ್ಟರಿಗೆ ಮನಸ್ಸಿಲ್ಲ, ಮುಂದಿನ ವಾರ. ಶಿಷ್ಯರಿಗೆ ಇಂಥ ಗುರು ಎಲ್ಲಿ ಸಿಗಬೇಕು? ಆರು ತಿಂಗಳಾದರೂ ಒಬ್ಬರಿಗೂ ಹತ್ತು ಕಿಲೋಮೀಟರು ಓಡಲಾಗುತ್ತಿರಲಿಲ್ಲ, ಆದರೆ ಎಲ್ಲರೂ ಅವರನ್ನು ಹೊಗಳುತ್ತಿದ್ದರು.

ಆಗ ಬಂದವರು ಟೈಲರಮ್ಮ.

ವಕೀಲರು ಅವರನ್ನು ನೋಡಿದ ತಕ್ಷಣ ಕೈಲಿದ್ದ ಹಗ್ಗ ಕೆಳಗಿಟ್ಟರು. ನ್ಯಾಯಾಲಯದ ಎರಡನೇ ಮಹಡಿಯ ಕಲ್ಲುಬೆಂಚಿನ ಮೇಲೆ, ಕಂಬಕ್ಕೆ ಒರಗಿ, ಗುಂಡಿ ಹೊಲಿಯುತ್ತಾ ಕೂತಿರುತ್ತಿದ್ದ ಹೆಂಗಸು. ಐವತ್ತಾರು ವಯಸ್ಸು. ಅವರ ಹೊಲಿಗೆ ಅಂಗಡಿಯ ಒಂದೇ ಒಂದು ಕಿಟಕಿಗೆ ಅಡ್ಡವಾಗಿ ಪಕ್ಕದ ಕಟ್ಟಡದವನು ಗೋಡೆ ಎಬ್ಬಿಸಿದ್ದ. ಟೈಲರಮ್ಮ ದಾವೆ ಹೂಡಿದ್ದರು. ಗೋಡೆಯವನ ವಕೀಲರು ಭಾವ, ಭಾವನ ಪರವಾಗಿ ವಾಯಿದೆ ಕೇಳಿದವರು ಇವರು, ಹನ್ನೊಂದು ವರ್ಷ. ಸಾಕ್ಷಿಗಳೆಲ್ಲ ಮುಗಿದು ನಾಲ್ಕು ವರ್ಷವಾಗಿತ್ತು, ವಾದವೊಂದು ಬಾಕಿ. ಗೆದ್ದವನು ಸೋತ, ಸೋತವನು ಸತ್ತ ಎನ್ನುವ ಮಾತಿದೆ. ಈ ಕೇಸಿನಲ್ಲಿ ಅದಕ್ಕೂ ಅವಕಾಶ ಕೊಟ್ಟಿರಲಿಲ್ಲ.

"ಡಾಕ್ಟ್ರು ಸಕ್ಕರೆ ಕಾಯಿಲೆ ಅಂದ್ರು, ನಡೀಬೇಕಂತೆ," ಎಂದರು ಟೈಲರಮ್ಮ. "ಬೀದಿಯಲ್ಲಿ ವಿಚಾರಿಸಿದೆ. ನಿಮ್ಮ ಹೆಸರು ಹೇಳಿದ್ರು. ನನ್ನ ಇಷ್ಟು ವರ್ಷ ಓಡಾಡಿಸಿದವರು ನೀವೇ ಅಲ್ವಾ ವಕೀಲರೇ, ಬೇರೆಯವರ ಹತ್ರ ಯಾಕೆ ಹೋಗ್ಲಿ?"

ವಕೀಲರ ಮುಖ ಸುಣ್ಣವಾಯಿತು. "ಟೈಲರಮ್ಮ, ಅದು... ಕ್ಷಮಿಸಿ..."

"ಕ್ಷಮೆಗಿಮೆ ಆಮೇಲೆ. ಎಷ್ಟು ಸುತ್ತು ಹಾಕ್ಬೇಕು, ಹೇಳಿ."

ನಾಲ್ಕು ಪುಟದ ಪತ್ರಕ್ಕೆ ಓದದೆ ಸಹಿ ಹಾಕಿದರು. "ನೀವು ಬರೆದದ್ದು ಓದಿ ಯಾರು ಉದ್ಧಾರ ಆಗಿದಾರೆ?" ಎಂದರು.

ನಲವತ್ತು ವರ್ಷ ಹೊಲಿಗೆ ಮಷೀನು ತುಳಿದ ಕಾಲುಗಳವು. ವೇಗ ಅನ್ನುವುದು ಹತ್ತಿರಕ್ಕೂ ಸುಳಿಯದು, ಆದರೆ ಮೊದಲ ಕಿಲೋಮೀಟರಿಗೆ ಎಷ್ಟು ಹೊತ್ತೋ ಹತ್ತನೆಯದಕ್ಕೂ ಅಷ್ಟೇ ಹೊತ್ತು. ಎರಡು ತಿಂಗಳಿಗೆ ಹದಿನೈದು ಕಿಲೋಮೀಟರು ಮುಟ್ಟಿದರು. ಆ ಬೀದಿಯ ಟೈಲರುಗಳಲ್ಲಿ ಹೇಳಿದ ದಿನಕ್ಕೆ ಬಟ್ಟೆ ಕೊಡುತ್ತಿದ್ದವರು ಅವರೊಬ್ಬರೇ. ಓಟದಲ್ಲೂ ಅದೇ ಸ್ವಭಾವ. ಒಂದು ಬೆಳಗ್ಗೆ ಜಿನುಗು ಮಳೆ. ವಕೀಲರು ಬಾಗಿಲಲ್ಲಿ ನಿಂತು ಆಕಾಶ ನೋಡಿ, "ನಾಳೆಗೆ ಹಾಕೋಣ" ಎಂದರು.

"ನಾಳೆ ಅಂದ್ರೆ ನಿಮ್ಮ ಲೆಕ್ಕದಲ್ಲಿ ಎಷ್ಟು ವರ್ಷ?" ಎಂದರು ಟೈಲರಮ್ಮ. ವಕೀಲರು ತೆಪ್ಪಗೆ ಷೂ ಹಾಕಿಕೊಂಡರು.

ಆ ವರ್ಷದ ಮ್ಯಾರಥಾನಿಗೆ ಮೂವರು ಹೆಸರು ಕೊಟ್ಟರು, ಔಷಧಿ ಅಂಗಡಿಯವನು, ಗ್ರಂಥಪಾಲಕಿ, ಟೈಲರಮ್ಮ. ಕರಾರಿನ ವಿಷಯ ಮೂವರಿಗೂ ಗೊತ್ತಿತ್ತು, ವಕೀಲರೇ ಊರೆಲ್ಲ ಹೇಳಿಕೊಂಡಿದ್ದರು. ನಿಗದಿತ ಏಳು ತಾಸಿನೊಳಗೆ ಒಬ್ಬರು ಮುಗಿಸಿದರೂ ಸಾಕು, ಕೋಟು ಕಪಾಟಿನಲ್ಲೇ ಕೊಳೆಯಬಹುದು. ಓಟಕ್ಕೆ ಆರು ವಾರ ಇರುವಾಗ ಟೈಲರಮ್ಮ ಕಾಲು ಎತ್ತಿ ತೋರಿಸಿದರು. "ಈ ಷೂ ತಳ ಸವೆದಿದೆ. ಹೊಸದು ಯಾವ್ದು ತಗೋಬೇಕು, ಬಂದು ಹೇಳ್ತೀರಾ?"

"ಮುಂದಿನ ವಾರ ಹೋಗೋಣ," ಎಂದರು ವಕೀಲರು. ಮುಂದಿನ ವಾರವೂ ಅದನ್ನೇ ಅಂದರು. ಅದರ ಮುಂದಿನ ವಾರವೂ. ಕೊನೆಗೆ ಓಟಕ್ಕೆ ಮೂರೇ ದಿನ ಉಳಿದಾಗ, "ಈಗ ಹೊಸ ಷೂ ಹಾಕಿದ್ರೆ ಕಾಲು ಬೊಬ್ಬೆ ಏಳುತ್ತೆ, ಹಳೇದರಲ್ಲೇ ಓಡಿ," ಎಂದು ತೀರ್ಪು ಕೊಟ್ಟರು. ಮಾತು ಸರಿಯೇ. ಸರಿಯಾದ ಮಾತನ್ನು ತಪ್ಪಾದ ತಾರೀಖಿಗೆ ಹೇಳುವುದರಲ್ಲಿ ಅವರು ನುರಿತವರು.

ಭಾನುವಾರ ಬೆಳಗ್ಗೆ ಐದೂವರೆಗೆ ಓಟ ಶುರುವಾಗಬೇಕಿತ್ತು. ಮುಖ್ಯ ಅತಿಥಿಯ ಭಾಷಣದಿಂದ ಎರಡು ನಿಮಿಷ ತಡವಾಯಿತು. ಔಷಧಿ ಅಂಗಡಿಯವನು ಹದಿನೈದರಲ್ಲಿ ಕೂತ. ಗ್ರಂಥಪಾಲಕಿ ಇಪ್ಪತ್ತೊಂದರಲ್ಲಿ ಮುಂದಿನ ವರ್ಷ ನೋಡೋಣ ಸಾರ್ ಎಂದು ಆಟೋ ಹತ್ತಿದಳು. ಉಳಿದವರು ಟೈಲರಮ್ಮ.

ಮೂವತ್ತಾರನೇ ಕಿಲೋಮೀಟರಿನಲ್ಲಿ ಸೇತುವೆಗೆ ಮುಂಚೆ ಒಂದು ಹಗ್ಗ ಕಟ್ಟಿದ್ದರು. ಹನ್ನೊಂದೂವರೆಗೆ ಆ ದಾರಿ ಬಂದ್. ಆಮೇಲೆ ಬಂದವರು ಓಟದಿಂದ ಹೊರಗೆ. ಹಗ್ಗದ ಪಕ್ಕ ಒಂದು ಸ್ಟೂಲು, ಸ್ಟೂಲಿನ ಮೇಲೆ ನಿವೃತ್ತ ಡ್ರಿಲ್ ಮೇಷ್ಟ್ರು, ಕೊರಳಲ್ಲಿ ಸೀಟಿ, ಮುಂದೆ ದೊಡ್ಡ ಗಡಿಯಾರ. ವಕೀಲರು ಹನ್ನೊಂದಕ್ಕೇ ಬಂದು ರಸ್ತೆಯ ತಿರುವಿನತ್ತ ನೋಡುತ್ತಾ ನಿಂತರು. ಲೆಕ್ಕದ ಪ್ರಕಾರ ಟೈಲರಮ್ಮ ಹನ್ನೊಂದೂಕಾಲಿಗೆ ಕಾಣಬೇಕಿತ್ತು. ಹನ್ನೊಂದು ಇಪ್ಪತ್ತೈದಾಯಿತು, ಕಾಣಲಿಲ್ಲ. ಸೋಮವಾರದ ಕೋಟು ಕಣ್ಣಮುಂದೆ ನೇತಾಡಿತು.

ಹನ್ನೊಂದೂವರೆಗೆ ಮೇಷ್ಟ್ರು ಎದ್ದು ಹಗ್ಗ ಎಳೆದರು. ವಕೀಲರು ಅಡ್ಡ ನಿಂತು ಗಂಟಲು ಸರಿಮಾಡಿಕೊಂಡರು. ಓಟ ಶುರುವಾಗಿದ್ದೇ ಎರಡು ನಿಮಿಷ ತಡ, ಆದ್ದರಿಂದ ಈ ಗಡಿಯಾರ ನ್ಯಾಯವಾಗಿ ಎರಡು ನಿಮಿಷ ಮುಂದಿದೆ ಎಂದರು. ಇಪ್ಪತ್ತೆಂಟನೇ ಕಿಲೋಮೀಟರಿನ ನೀರಿನ ಮೇಜು ಸೂಚನಾ ಪತ್ರದಲ್ಲಿ ಹೇಳಿದ ಜಾಗದಲ್ಲಿರಲಿಲ್ಲ ಎಂದರು. ಹಿರಿಯರ ವಿಷಯದಲ್ಲಿ ವಿವೇಚನಾಧಿಕಾರ ಎಂಬುದೊಂದಿದೆ, ಅದನ್ನು ಬಳಸುವವರೇ ದೊಡ್ಡವರು ಎಂದರು. ಮೇಷ್ಟ್ರು ಮೂವತ್ತು ವರ್ಷ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿದವರು, ಇಂಥ ಮಾತನ್ನು ಕೇಳಿದವರಲ್ಲ. ತಲೆ ಚಿಟ್ಟುಹಿಡಿದು, "ಐದು ನಿಮಿಷ ಕೊಟ್ಟಿದೀನಿ. ದಯವಿಟ್ಟು ಬಾಯಿ ಮುಚ್ಚಿ," ಎಂದರು.

ಜೀವಮಾನದಲ್ಲೇ ಮೊದಲ ಸಲ ವಕೀಲರಿಗೆ ತಾವು ಪಡೆದ ವಾಯಿದೆಯೊಂದರ ಬಗ್ಗೆ ಹೆಮ್ಮೆಯಾಯಿತು.

ಹನ್ನೊಂದು ಮೂವತ್ತಮೂರಕ್ಕೆ ಟೈಲರಮ್ಮ ತಿರುವಿನಲ್ಲಿ ಕಂಡರು. ಅದೇ ಹೆಜ್ಜೆ, ಅದೇ ಲಯ. ಎಡಗಾಲಿನ ಷೂವಿನ ಮೇಲೆ ದಪ್ಪ ಬಿಳಿ ದಾರದ ಅಡ್ಡಡ್ಡ ಹೊಲಿಗೆ. ಮೂವತ್ತನೇ ಕಿಲೋಮೀಟರಿನಲ್ಲಿ ಷೂ ಬಾಯಿ ಬಿಟ್ಟಿತ್ತು. ರಸ್ತೆ ಬದಿಗೆ ಕೂತು, ಕಾಲರಿಗೆ ಸದಾ ಚುಚ್ಚಿಕೊಂಡಿರುವ, ದಾರ ಸುತ್ತಿದ ಸೂಜಿ ತೆಗೆದು, ಹೊಲಿದು, ಗಂಟು ಹಾಕಿ, ಹಲ್ಲಲ್ಲಿ ದಾರ ಕಡಿದು ಎದ್ದಿದ್ದರು. ಇಪ್ಪತ್ತು ನಿಮಿಷ ಹೋಗಿತ್ತು. ವಕೀಲರಿಗೆ ಆ ಹೊಲಿಗೆ ನೋಡಿದ್ದೇ ಮೂರು 'ಮುಂದಿನ ವಾರ'ಗಳೂ ನೆನಪಾದವು.

ಮೇಷ್ಟ್ರು ಹಗ್ಗ ಎತ್ತಿದರು. "ಬನ್ನಿಯಮ್ಮ, ಹೋಗಿ. ನಿಮ್ಮ ವಕೀಲರು ಐದು ನಿಮಿಷ ಜಾಸ್ತಿ ತಗೊಂಡಿದಾರೆ."

ಟೈಲರಮ್ಮ ನಿಂತುಬಿಟ್ಟರು. ಗಡಿಯಾರ ನೋಡಿದರು. "ದಾರಿ ಮುಚ್ಚೋದು ಎಷ್ಟಕ್ಕೆ?"

"ಹನ್ನೊಂದೂವರೆಗೆ. ಆದ್ರೂ ಪರವಾಗಿಲ್ಲ, ಹೋಗಿ."

"ನಂಗೆ ಬೇಡ," ಎಂದು ಟೈಲರಮ್ಮ ಎದೆಯ ಮೇಲಿನ ನಂಬರಿನ ನಾಲ್ಕು ಪಿನ್ನುಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು.

"ಟೈಲರಮ್ಮ, ತಪ್ಪು ನಂದು, ಷೂ ವಿಷಯ ನಾನೇ ಮುಂದೆ ಹಾಕಿದ್ದು," ವಕೀಲರು ಅಡ್ಡ ಬಂದರು. "ಇನ್ನು ಆರು ಕಿಲೋಮೀಟರು. ನನ್ನ ಕಥೆ ನಿಮಗೆ ಗೊತ್ತಲ್ಲ?"

"ಗೊತ್ತು. ಹನ್ನೊಂದು ವರ್ಷ ನೀವು ಕೇಳಿದಾಗೆಲ್ಲ ಜಡ್ಜು ವಾಯಿದೆ ಕೊಟ್ರು. ಒಂದು ಸಲನಾದ್ರೂ, ಯಮ್ಮಾ ನಿಂಗೆ ಇದು ಆಗುತ್ತಾ ಅಂತ ಯಾರೂ ನನ್ನ ಕೇಳ್ಲಿಲ್ಲ. ಇವತ್ತೂ ನನ್ನ ಕೇಳದೇನೇ ತಗೊಂಡಿದೀರಿ." ನಂಬರನ್ನು ಮಡಿಸಿ ಮೇಷ್ಟ್ರ ಕೈಗೆ ಕೊಟ್ಟರು. "ನಾಳೆ ಸೋಮವಾರ, ನೀವು ಕೋಟು ಹಾಕ್ಕೊಳ್ಳಿ. ಬುಧವಾರ ನನ್ನ ಕೇಸಿದೆ. ಅಲ್ಲೇ ಸಿಗೋಣ."

ಅಷ್ಟು ಹೇಳಿ ಪಾದಚಾರಿ ದಾರಿ ಹತ್ತಿ ಸೇತುವೆಯ ಕಡೆ ಅದೇ ಹೆಜ್ಜೆಯಲ್ಲಿ ಹೊರಟರು. ಮೇಷ್ಟ್ರು ಸೀಟಿ ಬಾಯಿಗಿಟ್ಟರು. "ಅದು ಸಾರ್ವಜನಿಕ ರಸ್ತೆ, ತಡೆಯೋ ಹಕ್ಕು ನಿಮಗಿಲ್ಲ," ಎಂದು ಹೇಳಿ ವಕೀಲರೂ ಹಿಂದೆ ಹೋದರು. ಆರು ಕಿಲೋಮೀಟರು ಅವರ ಹೆಜ್ಜೆಗೆ ಹೆಜ್ಜೆ ಹಾಕಿದರು. ಗುರಿಯ ಕಮಾನನ್ನು ಕಳಚುತ್ತಿದ್ದ ಹೊತ್ತಿಗೆ ಟೈಲರಮ್ಮ ಅದರ ಪಕ್ಕದ ಪಾದಚಾರಿ ದಾರಿಯಲ್ಲೇ ದಾಟಿ, ಒಂದು ಲೋಟ ನೀರು ಕುಡಿದು, ಬಸ್ಸು ಹತ್ತಿದರು.

ಸೋಮವಾರ ವಕೀಲರು ಕೋಟು ಹಾಕಿಕೊಂಡು ಹೋದರು. ಹೆಂಡತಿ ಕಾಲರು ಸರಿಮಾಡಿ, "ಮೂಳೆ ಏನೂ ಮುರಿದಿಲ್ಲ, ಮುಖ ಹಾಗೆ ಮಾಡ್ಕೋಬೇಡಿ," ಎಂದು ಕಳಿಸಿದಳು. ಭಾವ ಅಣಕಿಸಲೂ ಇಲ್ಲ, ಅದೇ ಹೆಚ್ಚು ಉರಿಯಿತು. ಗೋಡೆಯ ಕಡತ ತಳ್ಳಿ, "ಬುಧವಾರ ಇದಕ್ಕೆ ಒಂದು ತಿಂಗಳು ತಗೋ," ಎಂದರು. ವಕೀಲರು ಕಡತವನ್ನು ಮನೆಗೆ ಒಯ್ದು ಎರಡು ದಿನ ಓದಿದರು. ಹನ್ನೊಂದು ವರ್ಷದಲ್ಲಿ ಅದನ್ನು ಬಿಚ್ಚಿದ್ದು ಅದೇ ಮೊದಲು.

ಬುಧವಾರ ಕೇಸು ಕೂಗಿದರು. ಟೈಲರಮ್ಮ ಹಿಂದಿನ ಬೆಂಚಿನಲ್ಲಿ ಗುಂಡಿ ಹೊಲಿಯುತ್ತಿದ್ದರು. ಇವರು ಕುರ್ಚಿ ಸರಿಸಿದರು.

"ಯಾವ ತಾರೀಖು?" ಎಂದು ನ್ಯಾಯಾಧೀಶರು ಪೆನ್ನು ಎತ್ತಿದರು.

"ತಾರೀಖು ಬೇಡ, ಸ್ವಾಮಿ. ನಾವು ವಾದಕ್ಕೆ ಸಿದ್ಧ."

ನ್ಯಾಯಾಧೀಶರು ತಲೆ ಎತ್ತಿದರು. ಇಷ್ಟು ವರ್ಷದ ಮೇಲೆ ವಕೀಲರಿಗೆ ಅವರ ಮುಖದಲ್ಲಿ ಮೀಸೆ ಇರುವುದು ಗೊತ್ತಾಯಿತು. ಟೈಪಿಸ್ಟು ಕೈ ನಿಲ್ಲಿಸಿದಳು. ಟೈಲರಮ್ಮನ ವಕೀಲ ತನ್ನ ಕಡತ ಎಲ್ಲಿದೆ ಎಂದೇ ತಿಳಿಯದೆ ಚೀಲವನ್ನೆಲ್ಲ ಬೋರಲು ಹಾಕಿದ.

ವಕೀಲರು ಗೋಡೆಯವನಿಗೆ ದ್ರೋಹ ಮಾಡಲಿಲ್ಲ. ಗೋಡೆಯ ಪರವಾಗಿ ಏನೆಲ್ಲ ಹೇಳಬಹುದೋ ಅಷ್ಟನ್ನೂ ನಲವತ್ತು ನಿಮಿಷ ಹೇಳಿದರು, ಚೆನ್ನಾಗಿಯೇ ಹೇಳಿದರು. ಮೂರು ವಾರಕ್ಕೆ ತೀರ್ಪು ಬಂತು. ಗೋಡೆ ಒಡೆಯಬೇಕು. ವಾದಿಸಿದ ಕೇಸುಗಳಲ್ಲಿ ಅವರು ಸೋತದ್ದು ಅದೊಂದೇ, ವಾದಿಸಿದ್ದೂ ಅದೊಂದೇ.

ಭಾವ ತೀರ್ಪಿನವರೆಗೂ ಕಾಯಲಿಲ್ಲ. ಆ ಬುಧವಾರ ಸಂಜೆಯೇ ಮನೆಗೆ ಬಂದು, "ನಾಳೆಯಿಂದ ಬರಬೇಡ. ನಿನ್ನಿಂದ ನನ್ನ ಕಚೇರಿ ಮುಚ್ಚುತ್ತೆ," ಎಂದರು.

"ಕರಾರಿನ ಪ್ರಕಾರ ನಾನು ಹಾಜರಾಗಬೇಕಲ್ಲ ಭಾವ?" ಎಂದು ವಕೀಲರು ಪಾಪದವರಂತೆ ಕೇಳಿದರು.

"ಹಾಜರಾಗಿ ಆಯ್ತಲ್ಲ," ಎಂದಳು ಸಾಕ್ಷಿ ಸಹಿ ಹಾಕಿದ ಹೆಂಡತಿ. "ಎಷ್ಟು ದಿನ ಅಂತ ಅದರಲ್ಲಿ ಎಲ್ಲಿ ಬರೆದಿದೀರಿ? ಅಣ್ಣಾ, ಕಾಫಿ ಕುಡಿದು ಹೋಗು."

ಮರುದಿನ ಬೆಳಗ್ಗೆ ಕೇಂದ್ರದ ಬೀಗ ತೆಗೆದ ವಕೀಲರು ಮೊದಲು ಮಾಡಿದ ಕೆಲಸ ಟೈಲರಮ್ಮನನ್ನು ಷೂ ಅಂಗಡಿಗೆ ಕರೆದುಕೊಂಡು ಹೋಗಿದ್ದು. ಎರಡನೆಯದು, ಔಷಧಿ ಅಂಗಡಿಯವನು ಹಿಮ್ಮಡಿ ಎಂದಾಗ, "ಹಿಮ್ಮಡಿ ಬಿಟ್ಟು ಮಿಕ್ಕಿದ್ದು ಓಡ್ಲಿ," ಎಂದಿದ್ದು. ಮೂವರು ಶಿಷ್ಯರು ಬಿಟ್ಟುಹೋದರು. ಉಳಿದವರಲ್ಲಿ ಅದುವರೆಗೆ ಹತ್ತು ಕಿಲೋಮೀಟರು ಕಾಣದವರೆಲ್ಲ ತಿಂಗಳೊಳಗೆ ಅದನ್ನು ಮುಟ್ಟಿದರು.

ಗೋಡೆ ಇಳಿದ ಮೇಲೆ ವಕೀಲರು ಕೋಟನ್ನು ಮಡಿಸಿಕೊಂಡು ಹೊಲಿಗೆ ಅಂಗಡಿಗೆ ಹೋದರು. ಕಿಟಕಿಯಿಂದ ಬಿಸಿಲು ಮಷೀನಿನ ಮೇಲೆ ಬಿದ್ದಿತ್ತು. ಟ್ಯೂಬ್‌ಲೈಟು ಆರಿತ್ತು. ವಕೀಲರು ಕೋಟನ್ನು ಆ ಬಿಸಿಲಲ್ಲೇ ಹರಡಿದರು.

"ಇದನ್ನ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳೋ ಚೀಲ ಮಾಡಿಕೊಡಿ ಟೈಲರಮ್ಮ, ಓಡುವಾಗ ನೀರಿನ ಬಾಟಲಿ ಇಡೋಕೆ. ಯಾವಾಗ ಬರ್ಲಿ?"

ಟೈಲರಮ್ಮ ಕೋಟನ್ನು ತಿರುಗಿಸಿ ಮುರುಗಿಸಿ ನೋಡಿ ಮೊಳೆಗೆ ನೇತುಹಾಕಿದರು. "ಮುಂದಿನ ಬುಧವಾರ ಬನ್ನಿ."

ಹೇಳಿದ ದಿನಕ್ಕೆ ಬಟ್ಟೆ ಕೊಡುವ ಟೈಲರಮ್ಮ. ವಕೀಲರು ನಂಬಿ ಬುಧವಾರ ಹೋದರು. ಕೋಟು ಮೊಳೆಯ ಮೇಲೇ ಇತ್ತು. "ದಾರಕ್ಕೆ ಜ್ವರ," ಎಂದರು ಟೈಲರಮ್ಮ, ತಲೆ ಎತ್ತದೆ. "ಮುಂದಿನ ಬುಧವಾರ."

ಅದರ ಮುಂದಿನ ಬುಧವಾರ, "ಕತ್ತರಿಗೆ ಭೇದಿ."

ಅದರ ಮುಂದಿನದಕ್ಕೆ, "ಮಷೀನು ಪಕ್ಕದ ಕೋರ್ಟಿನಲ್ಲಿದೆ." ಮಷೀನು ಎದುರಿಗೇ, ಬಿಸಿಲಲ್ಲಿ ಹೊಳೆಯುತ್ತಾ, ಅವರ ಕಾಲ ಕೆಳಗೆ ಓಡುತ್ತಿತ್ತು.

ವಕೀಲರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಒಟ್ಟು ಎಷ್ಟು ಬುಧವಾರ ಆಗ್ಬಹುದು, ಟೈಲರಮ್ಮ?"

"ನಾನು ಕೋರ್ಟಿಗೆ ಬಂದಿದ್ದು ನೂರಮೂವತ್ತು ಸಲ," ಎಂದು ಟೈಲರಮ್ಮ ಹಲ್ಲಲ್ಲಿ ದಾರ ಕಡಿದರು. "ನಿಮ್ದು ಈಗ ಮೂರಾಯ್ತು. ಮನೆಯಿಂದ ಇಲ್ಲಿಗೆ ಎಷ್ಟು ದೂರ?"

"ಆರು ಕಿಲೋಮೀಟರು."

"ಓಡ್ಕೊಂಡು ಬನ್ನಿ."

ವಕೀಲರು ಬಗ್ಗಿ ಷೂ ದಾರ ಬಿಗಿ ಮಾಡಿಕೊಂಡು ಹೊರಟರು. ಮುಂದಿನ ಬುಧವಾರ ನಾಲ್ಕನೆಯದು.